ಗಂಟು ಕಟ್ಟಿದವನ ಗಂಟೇನು ಹೋಗುತ್ತೆ?

ಹೋದ ತಿಂಗಳು ರಾಮನಗರದ ಬಂಡೆ ಮೇಲೆ ಗೆಳೆಯನೊಬ್ಬ ನನ್ನ ಮೇಲೆ ಮುನಿಸಿಕೊಂಡ. ಕಾರಣ ಸಣ್ಣದು. ಅವತ್ತು ಆಂಕರ್ ಕಟ್ಟುವ ಪಾಳಿ ಅವನದು. ಆಂಕರ್ ಅಂದರೆ ಬೇರೇನಲ್ಲ, ಬಂಡೆಯ ನೆತ್ತಿಯಲ್ಲಿ ಒಂದು ಮರಕ್ಕೋ, ದೊಡ್ಡ ಕಲ್ಲಿಗೋ, ಬಂಡೆಗೆ ಹೊಡೆದ ಬೋಲ್ಟಿಗೋ ಹಗ್ಗವನ್ನು ಭದ್ರ ಮಾಡೋದು. ಹತ್ತುವವರ, ಇಳಿಯುವವರ ಜೀವವೆಲ್ಲ ಅದರ ಮೇಲೆ. ಅವನು ಅಚ್ಚುಕಟ್ಟಾಗಿ ಕಟ್ಟಿದ್ದ. ಆದರೂ ಇಳಿಯುವ ಮುಂಚೆ ನಾನು ಬಗ್ಗಿ ಒಂದೊಂದೇ ಗಂಟು ನೋಡಿದೆ, ಜಗ್ಗಿದೆ, ಗಂಟಿನಾಚೆ ಬಾಲ ಎಷ್ಟು ಬಿಟ್ಟಿದ್ದಾನೆ ಅಂತ ಗೇಣು ಹಾಕಿದೆ. ಅವನು ನೋಡ್ತಾ ನಿಂತಿದ್ದವನು, "ಐದು ವರ್ಷದಿಂದ ಜೊತೇಲಿ ಹತ್ತುತಿದೀವಿ ಗುರು. ಇನ್ನೂ ನನ್ ಮೇಲೆ ನಂಬಿಕೆ ಇಲ್ವಾ?" ಅಂದ. ನಗುತ್ತಲೇ ಅಂದ, ಆದರೆ ನಗು ಕಣ್ಣಿಗೆ ಬಂದಿರಲಿಲ್ಲ. ಕೆಳಗೆ ಬಂದಮೇಲೂ ಮುಖ ಗಂಟು ಹಾಕಿಕೊಂಡೇ ಇದ್ದ.

ವಾಪಸ್ ಬರುವಾಗ ಬಿಡದಿಯ ಟ್ರಾಫಿಕ್ಕಿನಲ್ಲಿ ಕೂತು ಇದನ್ನೇ ಯೋಚಿಸಿದೆ. ಒಬ್ಬ ಕಟ್ಟಿದ ಗಂಟನ್ನು ಇನ್ನೊಬ್ಬ ಜಗ್ಗಿ ನೋಡಿದರೆ ಅದು ಅವಮಾನವಾ? ಹಾಗಿದ್ದರೆ ಯಾರಿಗೆ?

ಬಂಡೆ ಹತ್ತುವವರ ಲೋಕದಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ. ಹೊರಡುವ ಮುಂಚೆ ಜೊತೆಗಾರರು ಒಬ್ಬರ ಗಂಟನ್ನು ಒಬ್ಬರು ನೋಡಲೇಬೇಕು. ನೀವು ಎಷ್ಟೇ ಅನುಭವಿ ಆಗಿರಿ. ಅಮೆರಿಕದ ಲಿನ್ ಹಿಲ್ ಅವರ ಕಥೆಯನ್ನು ಹೊಸಬರಿಗೆಲ್ಲ ಹೇಳುತ್ತಾರೆ. ಆ ಕಾಲದ ಅತಿ ದೊಡ್ಡ ಕ್ಲೈಂಬರ್‌ಗಳಲ್ಲಿ ಒಬ್ಬರು. 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್ ಎಂಬಲ್ಲಿ ಸೊಂಟದ ಬೆಲ್ಟಿಗೆ ಹಗ್ಗ ಪೋಣಿಸಿಕೊಂಡರು, ಗಂಟು ಪೂರ್ತಿ ಮಾಡುವ ಮುಂಚೆ ಶೂ ಹಾಕಿಕೊಳ್ಳೋಕೆ ಹೋದರು, ಅಲ್ಲಿ ಏನೋ ಮಾತು ಬಂತು, ಗಂಟು ಮರೆತೇ ಹೋಯಿತು. ಮೇಲೆ ಜಾಕೆಟ್ ಬೇರೆ, ಅರೆಬರೆ ಗಂಟು ಯಾರ ಕಣ್ಣಿಗೂ ಬೀಳಲಿಲ್ಲ. ತುದಿ ಮುಟ್ಟಿ ಇಳಿಯೋಣ ಅಂತ ಹಗ್ಗಕ್ಕೆ ಭಾರ ಬಿಟ್ಟದ್ದೇ ಸುಮಾರು 70 ಅಡಿ ಕೆಳಗೆ ಬಿದ್ದರು. ಮರದ ಕೊಂಬೆಗಳು ತಡೆದು ಜೀವ ಉಳಿಯಿತು. ಅಂಥವರೇ ಮರೆಯಬಹುದಾದರೆ ನಾವು ನೀವು ಯಾವ ಲೆಕ್ಕ ಅನ್ನೋದು ಕಥೆಯ ಸಾರ.

ಈ ಉತ್ತರ ಸರಿಯಾದದ್ದೇ. ಆದರೆ ನಾನು ಗಂಟು ಜಗ್ಗಿ ನೋಡೋದು ಲಿನ್ ಹಿಲ್ ಕಥೆ ಕೇಳಿ ಅಲ್ಲ. ನನ್ನ ಕಾರಣ ರಾಯಬಾಗ ತಾಲೂಕಿನ ನಮ್ಮೂರಿನ ಒಂದು ಬಾವಿಯಲ್ಲಿದೆ. ಇದನ್ನು ಇಷ್ಟು ವರ್ಷ ಎಲ್ಲೂ ಬರೆದಿಲ್ಲ.

ನಮ್ಮ ಕಡೆ ಹಗ್ಗ ಇಲ್ಲದ ಮನೆ ಇಲ್ಲ. ಚಿಕ್ಕೋಡಿಯಿಂದ ಅಥಣಿವರೆಗೆ ಎಲ್ಲಿ ಬೇಕಾದರೂ ನೋಡಿ, ಎತ್ತಿನ ಮೂಗುದಾಣ, ಕರುವಿಗೆ ಕಣ್ಣಿ, ದನಕ್ಕೆ ದಾವಣಿ, ನಿಪ್ಪಾಣಿ ಕಡೆ ಹೋದರೆ ತಂಬಾಕಿನ ಬೋದು ಬಿಗಿಯೋ ಹುರಿ, ಚಳಿಗಾಲದಲ್ಲಿ ಉಗಾರದ ಫ್ಯಾಕ್ಟರಿಗೆ ಸಾಲುಗಟ್ಟಿ ಹೋಗೋ ಕಬ್ಬಿನ ಟ್ರೇಲರ್‌ಗಳ ಮೇಲೆ ಹಗ್ಗ. ಹುಡುಗನಾಗಿದ್ದಾಗ ಅಂಕಿ ಬರುವ ಮುಂಚೆ ನನಗೆ ಗಂಟು ಬರುತ್ತಿತ್ತು. ಗೂಟಕ್ಕೆ ಎಮ್ಮೆ ಕಟ್ಟುವ ಗಂಟು ಬೇರೆ, ಅದು ಎಮ್ಮೆ ಜಗ್ಗಿದಷ್ಟೂ ಬಿಗಿಯಬೇಕು, ನಾವು ಬಿಚ್ಚಿದರೆ ಒಂದೇ ಎಳೆತಕ್ಕೆ ಬಿಚ್ಚಬೇಕು. ಕೊಡಕ್ಕೆ ಹಾಕುವ ಕುಣಿಕೆ ಬೇರೆ. ಹೊರೆ ಕಟ್ಟೋದು ಬೇರೆ. ಬಿಚ್ಚೋಕೆ ಬಾರದ ಗಂಟು ಕಟ್ಟಿದರೆ ಅಜ್ಜ, "ಇದ ಗಂಟಲ್ಲ, ಕಗ್ಗಂಟ" ಅಂತ ಕುಡುಗೋಲು ತಂದು ನನ್ನ ಎದುರಿಗೇ ಕತ್ತರಿಸುತ್ತಿದ್ದ. ಒಂದು ಗೇಣು ಹಗ್ಗ ಹಾಳಾದದ್ದು ನನ್ನ ಹೊಟ್ಟೆ ಉರಿಸಬೇಕು, ಅದು ಅವನ ಪಾಠ.

ಬಾವಿಗೆ ಇಳಿಯುವ ಹಗ್ಗ ಮಾತ್ರ ಅಜ್ಜನೇ ಕಟ್ಟಬೇಕು. ಅದು ನಮ್ಮ ಓಣಿಯ ಅಲಿಖಿತ ಕಾನೂನು. ಯಾರ ಬಾವಿ ಹೂಳು ತೆಗೆಯಲಿ, ಮೋಟರ್ ಎತ್ತಲಿ, ಅಜ್ಜನಿಗೆ ಕರೆ ಬರುತ್ತಿತ್ತು. ಪುಂಡಿ ನಾರಿನ ಹಗ್ಗ, ಅವನೇ ಹೊಸೆದದ್ದು. ಬಾವಿ ದಂಡೆಯ ಬೇವಿನ ಮರಕ್ಕೆ ಮೊದಲು ಮೂರ್ನಾಕು ಸುತ್ತು ಸುಮ್ಮನೆ ಸುತ್ತುತ್ತಿದ್ದ, ಆಮೇಲೆ ಕೊನೆಗೆ ಒಂದು ಗಂಟು. ಇಷ್ಟು ಸುತ್ತು ಯಾಕೆ ಅಂತ ಕೇಳಿದರೆ "ಮರಕ್ಕ ಸ್ವಲ್ಪ ಕೆಲಸ ಇರಲಿ" ಅಂತಿದ್ದ. ಇಳಿಯುವವರು ಆ ಗಂಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಜ್ಜನ ಮುಖ ನೋಡುತ್ತಿದ್ದರು. ಅಜ್ಜ ಕತ್ತು ಹಾಕಿದರೆ ಇಳಿಯೋದು.

2004ರ ಬೇಸಿಗೆ. ಎರಡು ಮೂರು ವರ್ಷ ಸತತ ಬರ. ಕೃಷ್ಣಾ ಹೊಳೆಯಲ್ಲಿ ಮರಳು ಕಾಣುತ್ತಿತ್ತು. ಕೊಯ್ನಾದಿಂದ ನೀರು ಬಿಡಿಸಿ ಅಂತ ಪೇಪರಿನಲ್ಲಿ ದಿನಾ ಸುದ್ದಿ (ಈಗಲೂ ಪ್ರತಿ ಬೇಸಿಗೆ ಅದೇ ಸುದ್ದಿ, ಅದಿರಲಿ). ನಮ್ಮ ಬಾವಿ ಐವತ್ತು ಐವತ್ತೈದು ಅಡಿ ಆಳ, ತಳದಲ್ಲಿ ಬರೀ ರಾಡಿ. ಹೂಳು ತೆಗೆಸಬೇಕು ಅಂತಾಯ್ತು. ಆಗ ನಾನು ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದೆ. ಅಜ್ಜನಿಗೆ ಜ್ವರ, ಹಾಸಿಗೆ ಹಿಡಿದಿದ್ದ. ಪುಂಡಿ ಹಗ್ಗ ಹಳೆಯದಾಗಿದೆ ಅಂತ ಅಪ್ಪ ಸಂತೆಯಿಂದ ಹೊಸ ನೈಲಾನ್ ಹಗ್ಗ ತಂದಿದ್ದ. ನೀಲಿ ಬಣ್ಣ, ಜಾರು ಜಾರು, ಹೊಸ ಸೀರೆ ಹಾಗೆ ಮಿಂಚುತ್ತಿತ್ತು. ಅದರ ತುದಿ ಬಿಚ್ಚಿಕೊಳ್ಳದಿರಲಿ ಅಂತ ನಾನೇ ಕಡ್ಡಿ ಗೀರಿ ಸುಟ್ಟು ಅಂಟಿಸಿದ್ದೆ.

ಇಳಿಯೋನು ಕಾಕಾ. ಅಪ್ಪನ ತಮ್ಮ. ದಂಡೆ ಮೇಲೆ ಎಂಟು ಮಂದಿ ಇದ್ದರು. ಹಗ್ಗ ಯಾರು ಕಟ್ಟೋದು ಅನ್ನೋ ಮಾತು ಬಂದಾಗ ಕಾಕಾನೇ, "ತಮ್ಮ ಕಟ್ಟತಾನ ಬಿಡ್ರಿ, ಅಜ್ಜನ ಕೈಯಾಗ ಕಲ್ತಾಂವ" ಅಂದ. ಆ ಮಾತಿಗೆ ನನ್ನ ಎದೆ ಎಷ್ಟು ಉಬ್ಬಿತು ಅಂದರೆ, ಇವತ್ತಿಗೂ ಯಾವ ಪ್ರಮೋಷನ್ನಿಗೂ ಅಷ್ಟು ಉಬ್ಬಿಲ್ಲ.

ಬೇವಿನ ಮರ ಬಾವಿಯ ಆಚೆ ಬದಿ, ಇಳಿಯೋ ಜಾಗ ಈಚೆ. ಅಲ್ಲಿಗೆ ಹಗ್ಗ ಸುತ್ತಿದರೆ ಉದ್ದ ಸಾಲದು ಅನ್ನಿಸಿತು. ಪಂಪಿನ ಶೆಡ್ಡಿನ ಹಿಂದೆ ನೆಲಕ್ಕೆ ಹೂತ ಕಬ್ಬಿಣದ ಪೈಪೊಂದು ಇತ್ತು, ಅದಕ್ಕೆ ಕಟ್ಟಿದೆ. ದನ ಕಟ್ಟುವ ಎರಡು ಸುತ್ತಿನ ಗಂಟು. ಬಾಲ ನಾಕು ಬೆರಳಿನಷ್ಟು ಉಳಿಯಿತು. ಜಗ್ಗಿದೆ, ಬಿಗಿಯಾಯಿತು. ಕಾಕಾ ಸೊಂಟಕ್ಕೆ ಹಗ್ಗದ ಇನ್ನೊಂದು ತುದಿ ಕಟ್ಟಿಕೊಂಡು ನನ್ನ ಮುಖ ನೋಡಿದ.

"ಕಟ್ಟೀಯಿಲ್ಲೋ?"

"ಹೂಂ ಕಾಕಾ."

ಅಷ್ಟೇ. ಗಂಟು ನೋಡೋಕೆ ಶೆಡ್ಡಿನ ಹಿಂದೆ ಹೋಗಲಿಲ್ಲ.

ಇಳಿಯುವಾಗ ಏನೂ ಆಗಲಿಲ್ಲ. ಎರಡು ತಾಸು ಕೆಸರು ತುಂಬಿ ಬುಟ್ಟಿ ಕಳಿಸಿದ. ಹತ್ತಿ ಬರುವಾಗ ಹಗ್ಗ ಹಿಡಿದು, ಗೋಡೆಗೆ ಕಾಲು ಕೊಟ್ಟು, ಒಂದೊಂದೇ ಕೈ ಎತ್ತಿಡುತ್ತಾ ಬರುತ್ತಿದ್ದ. ತಳದಿಂದ ಹನ್ನೆರಡು ಅಡಿ ಬಂದಿರಬಹುದು. ನನಗೆ ಕೇಳಿದ್ದು ಹಗ್ಗ ಕಲ್ಲಿನ ಮೇಲೆ ಸರ್ರಂತ ಓಡಿದ ಸದ್ದು. ಆಮೇಲೆ ಕೆಳಗಿನಿಂದ ಒಂದು ಕೂಗು.

ಎಲ್ಲರೂ ದಂಡೆಗೆ ಓಡಿದರು. ನಾನು ಶೆಡ್ಡಿನ ಹಿಂದಕ್ಕೆ ಓಡಿದೆ. ಪೈಪಿನ ಮೇಲೆ ಏನೂ ಇರಲಿಲ್ಲ. ಹಗ್ಗ ಕಡಿದಿದ್ದರೆ ಗಂಟು ಪೈಪಿನಲ್ಲೇ ಉಳಿಯಬೇಕಿತ್ತು ಅನ್ನೋದು ಹದಿನೇಳು ವರ್ಷದ ಹುಡುಗನಿಗೂ ಗೊತ್ತಾಗುತ್ತದೆ.

ಅಜ್ಜನ ಹಳೇ ಪುಂಡಿ ಹಗ್ಗ ಬಿಟ್ಟೇ ಕಾಕಾನನ್ನು ಮೇಲೆ ತಂದರು. ತೊಡೆ ಎಲುಬು ಮುರಿದಿತ್ತು. ಜೀಪಿನಲ್ಲಿ ಹಾಕಿ ಮಿರಜಿಗೆ ಒಯ್ದರು, ರಾಡ್ ಹಾಕಿದರು, ಒಂದು ಎಮ್ಮೆ ಮಾರಿದೆವು. ಅವತ್ತು ಸಂಜೆ ಯಾರೋ "ಹಗ್ಗ ಕಡೀತು" ಅಂದರು. ಯಾರು ಅಂತ ನೆನಪಿಲ್ಲ. ಆ ಮಾತು ನಿಂತಿತು. ಎರಡು ದಿನ ಬಿಟ್ಟು ಅಪ್ಪ ಇಬ್ಬರನ್ನು ಕರಕೊಂಡು ಸಂತೆಗೆ ಹೋಗಿ ಹಗ್ಗದ ಅಂಗಡಿಯಾತನಿಗೆ ಬಾಯಿಗೆ ಬಂದಂಗೆ ಬೈದು ಬಂದ. ಆತ "ಹಗ್ಗ ಒಮ್ಮೆ ತೋರಸ್ರಿ" ಅಂದನಂತೆ. "ಮನಿಷಾ ಸಾಯ್ತಿದ್ದ, ನೀ ಹಗ್ಗ ಕೇಳತಿ?" ಅಂತ ಇವರು ಇನ್ನಷ್ಟು ಜೋರು ಮಾಡಿದರಂತೆ. ಆತ ಸುಮ್ಮನೆ ದುಡ್ಡು ವಾಪಸ್ ಕೊಟ್ಟ. ಅಪ್ಪ ಇದನ್ನು ಊಟದ ಹೊತ್ತಿಗೆ ಹೇಳುತ್ತಿದ್ದಾಗ ನಾನು ತಾಟಿನ ಮುಂದೆ ತಲೆ ಬಗ್ಗಿಸಿ ಕೂತಿದ್ದೆ.

ಆ ಇಡೀ ಪ್ರಕರಣದಲ್ಲಿ ನೋಡಿ, ಪರೀಕ್ಷೆ ಮಾಡಿ ಮಾತಾಡೋಣ ಅಂದವನು ಅವನೊಬ್ಬನೇ.

ಮುಂದೆ ನಾನು ಬಿಇ ಸೇರಿದೆ. ಮೊದಲ ವರ್ಷದ ಮೆಕ್ಯಾನಿಕ್ಸಿನಲ್ಲಿ ಬೆಲ್ಟ್ ಫ್ರಿಕ್ಷನ್ ಅಂತ ಒಂದು ಪಾಠ ಬರುತ್ತದೆ. ಗುಂಡನೆಯ ವಸ್ತುವಿಗೆ ಹಗ್ಗ ಸುತ್ತಿದರೆ ಒಂದು ತುದಿಯ ಭಾರ ಇನ್ನೊಂದು ತುದಿಗೆ ಎಷ್ಟು ತಲುಪುತ್ತದೆ ಅನ್ನೋ ಲೆಕ್ಕ. ಸುತ್ತು ಹೆಚ್ಚಿದಂತೆ ಅದು ಕೂಡಿಕೆಯ ಲೆಕ್ಕದಲ್ಲಿ ಅಲ್ಲ, ಗುಣಾಕಾರದ ಲೆಕ್ಕದಲ್ಲಿ ಇಳಿಯುತ್ತದೆ. ಘರ್ಷಣೆಯ ಗುಣಾಂಕ 0.3 ಅಂತ ಹಿಡಿದರೆ ಮೂರು ಪೂರ್ತಿ ಸುತ್ತಿಗೆ ಸುಮಾರು 285 ಪಟ್ಟು ಕಡಿಮೆ. 70 ಕೆಜಿ ಆಳು ಜೋತುಬಿದ್ದರೆ ಕೊನೆಯ ಗಂಟಿಗೆ ತಲುಪೋದು ಕಾಲು ಕೆಜಿ ಸಕ್ಕರೆ ಪೊಟ್ಟಣದಷ್ಟು. "ಮರಕ್ಕ ಸ್ವಲ್ಪ ಕೆಲಸ ಇರಲಿ" ಅಂದರೆ ಇದು. ಹಾಸ್ಟೆಲಿನಲ್ಲಿ ಆ ಲೆಕ್ಕ ಬಿಡಿಸಿ ಪುಸ್ತಕ ಮುಚ್ಚಿಟ್ಟೆ. ಪರೀಕ್ಷೆಯಲ್ಲಿ ಅದೇ ಬಂದು ಪೂರ್ತಿ ಅಂಕ ಸಿಕ್ಕಿತು ಅನ್ನೋದು ಬೇರೆ ಮಾತು.

ಉಳಿದದ್ದು ಗೊತ್ತಾಗಿದ್ದು 2015ರಲ್ಲಿ, ಆಫೀಸಿನ ಕೆಲವರ ಜೊತೆ ರಾಮನಗರಕ್ಕೆ ಹೋಗಿ ಬಂಡೆ ಹತ್ತೋದು ಕಲಿಯತೊಡಗಿದಾಗ. ನಾನು ಕಟ್ಟಿದ್ದ ದನದ ಗಂಟಿಗೆ ಇಂಗ್ಲಿಷಿನಲ್ಲಿ ಕ್ಲೋವ್ ಹಿಚ್ ಅಂತಾರೆ. ಒಳ್ಳೆಯ ಗಂಟೇ, ಬೇಗ ಕಟ್ಟಬಹುದು, ಬೇಕಾದಂತೆ ಉದ್ದ ಗಿಡ್ಡ ಮಾಡಬಹುದು. ಆದರೆ ನುಣುಪಾದ ಪೈಪಿಗೆ ಜಾರುವ ಹಗ್ಗದಿಂದ ಕಟ್ಟಿ, ಭಾರ ಒಮ್ಮೆ ಬಿದ್ದು ಒಮ್ಮೆ ಬಿಟ್ಟು ಆಗುತ್ತಿದ್ದರೆ, ಪ್ರತಿ ಸಲವೂ ಅದು ಚೂರು ತಿರುಗಿ ಬಾಲವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಕಾಕಾ ಒಂದೊಂದು ಕೈ ಎತ್ತಿಟ್ಟಾಗಲೂ ಆಗಿದ್ದು ಅದೇ. ನಾಕು ಬೆರಳು ಬಾಲ, ಹನ್ನೆರಡು ಅಡಿ. ಬಾಲಕ್ಕೆ ಮತ್ತೊಂದು ಗಂಟು ಹಾಕಿ ಬೀಗ ಮಾಡಿದ್ದರೆ ಆಗುತ್ತಿರಲಿಲ್ಲ. ಕಲಿಸುವವರು ಇದನ್ನು ಒಂದು ಕಬ್ಬಿಣದ ಕಂಬಿಗೆ ಕಟ್ಟಿ, ಹಗ್ಗ ಜಗ್ಗಿ ಬಿಟ್ಟು, ಜಗ್ಗಿ ಬಿಟ್ಟು ತೋರಿಸಿದರು. ಬಾಲ ಮೆಲ್ಲಗೆ ಒಳಗೆ ಹೋಗೋದನ್ನು ನೋಡಿ ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಆಚೆ ಹೋದೆ.

ಆ ಶಿಬಿರದಲ್ಲೇ ಇನ್ನೊಂದು ನೋಡಿದೆ. ಕಲಿಸುವವರು ಎರಡು ದಶಕದಿಂದ ಬಂಡೆ ಹತ್ತುತ್ತಿದ್ದವರು. ಮೊದಲ ದಿನ ಬೆಳಿಗ್ಗೆ ಸೊಂಟಕ್ಕೆ ಎಂಟರ ಆಕಾರದ ಗಂಟು ಹಾಕಿಕೊಂಡು, ಆಗಷ್ಟೇ ಬಂದ ಕಾಲೇಜು ಹುಡುಗಿಯೊಬ್ಬಳ ಮುಂದೆ ನಿಂತು "ನೋಡಮ್ಮ, ಸರಿ ಇದೆಯಾ?" ಅಂದರು. ಅವಳಿಗೆ ಗಾಬರಿ. "ನಂಗೇನ್ ಗೊತ್ತು ಸರ್?" ಅಂದಳು. "ಎಳೆ ಎರಡೆರಡು ಒಟ್ಟೊಟ್ಟಿಗೆ ಹೋಗಿವೆಯಾ ಎಣಿಸು" ಅಂದರು. ಅವಳು ಎಣಿಸಿ ಸರಿ ಅಂದಮೇಲೇ ಹತ್ತಿದರು.

ನಮ್ಮ ಬಾವಿ ದಂಡೆಯಲ್ಲಿ ಇಲ್ಲದೇ ಇದ್ದದ್ದು ಇದು ಅನ್ನಿಸಿತು. ಅಜ್ಜನ ಗಂಟನ್ನು ಯಾರೂ ನೋಡುತ್ತಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಹಾಗಾಗಿ ನಮ್ಮಲ್ಲಿ ಗಂಟು ನೋಡೋದು ಅಂದರೆ ಕಟ್ಟಿದವನ ಮೇಲೆ ಅನುಮಾನ ಅಂತಲೇ ಅರ್ಥ ಆಯಿತು. ಅನುಮಾನ ಇದ್ದವನದನ್ನು ಮಾತ್ರ ನೋಡುವ ಊರಿನಲ್ಲಿ ನೋಡೋದು ಬೈಗುಳ ಆಗದೆ ಇನ್ನೇನಾಗುತ್ತೆ? ಅಜ್ಜ ಒಂದೇ ಒಂದು ಸಲ, ಇಳಿಯುವವನಿಗೆ "ಬಾ, ಜಗ್ಗಿ ನೋಡು" ಅಂದಿದ್ದರೆ, ಓಣಿಯ ಅತಿ ನಂಬಿಕಸ್ಥ ಕೈಯೇ ತನ್ನನ್ನು ಪರೀಕ್ಷೆಗೆ ಒಡ್ಡಿಕೊಂಡಿದ್ದರೆ, ಆಮೇಲೆ ಯಾರ ಗಂಟು ನೋಡಿದರೂ ಯಾರ ಮಾನವೂ ಹೋಗುತ್ತಿರಲಿಲ್ಲ. ಅಜ್ಜನನ್ನು ದೂರುತ್ತಿಲ್ಲ. ಅವನಿಗೆ ಹಾಗೆ ಮಾಡುವ ಕಾರಣವೇ ಬಂದಿರಲಿಲ್ಲ. ನಮ್ಮ ಆಫೀಸುಗಳಲ್ಲಿ ಎಲ್ಲ ಓದಿದವರೇ ಇದ್ದರೂ ಇದೇ ನಡೆಯೋದು. ಹೊಸ ಹುಡುಗ ಬರೆದ ನಾಲ್ಕು ಸಾಲಿನ ಕೋಡಿಗೆ ನಲವತ್ತು ಕಾಮೆಂಟು. ಸೀನಿಯರ್ ಬರೆದ ಸಾವಿರ ಸಾಲಿಗೆ ಐದು ನಿಮಿಷದಲ್ಲಿ "ಲುಕ್ಸ್ ಗುಡ್". ಆಮೇಲೆ ಶುಕ್ರವಾರ ರಾತ್ರಿ ಸರ್ವರ್ ಕೂತುಬಿಟ್ಟರೆ ಎದ್ದು ಕೂರುವವನು ಇನ್ಯಾರೋ.

ನಂಬಿಕೆ ಬಗ್ಗೆ ಅನೆಟ್ ಬೇಯರ್ ಅನ್ನೋ ತತ್ವಶಾಸ್ತ್ರಜ್ಞೆ 1986ರಲ್ಲಿ ಬರೆದ ಒಂದು ಪ್ರಬಂಧ ಇದೆ. ವಸ್ತುವನ್ನು ನೆಚ್ಚಿಕೊಳ್ಳೋದು ಬೇರೆ, ಮನುಷ್ಯನನ್ನು ನಂಬೋದು ಬೇರೆ ಅಂತಾರೆ ಆಕೆ. ಜರ್ಮನ್ ತತ್ವಜ್ಞಾನಿ ಕಾಂಟ್ ವಾಕಿಂಗಿಗೆ ಹೊರಟದ್ದು ನೋಡಿ ನೆರೆಯವರು ಹೊತ್ತು ತಿಳಿಯುತ್ತಿದ್ದರಂತೆ. ಒಂದು ದಿನ ಆತ ನಿದ್ದೆ ಮಾಡಿದರೆ ಅವರಿಗೆ ನಿರಾಸೆ ಆಗಬಹುದು, ಆದರೆ ಕಾಂಟ್ ನಮಗೆ ಕೈಕೊಟ್ಟ ಅಂತ ಅನ್ನೋ ಹಾಗಿಲ್ಲ. ಯಾಕಂದರೆ ಅವನು ಅವರಿಗೋಸ್ಕರ ನಡೆಯುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ಬಾವಿಯೇ ಕಂಡಿತು. ಹಗ್ಗ ಕಡಿದರೆ ಅದು ಹಗ್ಗ ಕಡಿದದ್ದು, ಅಷ್ಟೇ. ಗಂಟು ಬಿಚ್ಚಿದರೆ ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ನಮ್ಮ ಮನೆಯವರು "ಹಗ್ಗ ಕಡೀತು" ಅಂದಿದ್ದು ಇದಕ್ಕೇ ಇರಬೇಕು. ಆ ಮಾತಿನಲ್ಲಿ ಮನುಷ್ಯ ಇಲ್ಲ. ಆದರೆ ಅಂಗಡಿಯಾತ ಇದ್ದ ನೋಡಿ. ಒಬ್ಬನನ್ನು ತೆಗೆಯೋಕೆ ಹೋಗಿ ಇನ್ನೊಬ್ಬನನ್ನು ಒಳಗೆ ಹಾಕಿದ್ದೆವು.

ನಮ್ಮಲ್ಲಿ ಒಂದು ಮಾತಿದೆ, "ನಿನ್ನ ಗಂಟೇನ ಹೋಗ್ತೈತಿ?" ಅಂತ. ಕಟ್ಟುವವನು ದಂಡೆ ಮೇಲೆ ಉಳಿಯುತ್ತಾನೆ, ತೂಗಾಡುವವನು ಕೆಳಗಿರುತ್ತಾನೆ. ಕಬ್ಬಿನ ಟ್ರೇಲರ್ ಲೋಡು ಬಿಗಿದವನು ಗದ್ದೆಯಲ್ಲಿ ಉಳಿಯುತ್ತಾನೆ, ಲೋಡು ವಾಲೋದು ಹಿಂದೆ ಬೈಕಿನಲ್ಲಿ ಬರುತ್ತಿರುವವನ ಮೇಲೆ. ಬೀಳುವ ಲೆಕ್ಕದಲ್ಲಿ ಕಟ್ಟಿದವನ ಗಂಟು ಏನೂ ಹೋಗಲ್ಲ. ಕ್ಯಾನಿಯನಿಂಗ್ ಅಂತ ಒಂದು ಸಾಹಸ ಇದೆ, ಕಡಿದಾದ ಕಣಿವೆಯೊಳಗೆ, ಜಲಪಾತಗಳ ಪಕ್ಕದಲ್ಲಿ ಹಗ್ಗ ಕಟ್ಟಿ ಕಟ್ಟಿ ಕೆಳಗಿಳಿಯುತ್ತಾ ಹೋಗೋದು. ಸಹ್ಯಾದ್ರಿಯಲ್ಲಿ ಭಂಡಾರದರಾ ಹತ್ತಿರದ ಸಾಂಧಣ ಕಣಿವೆಗೆ ಹೋದವರು ಇದರ ಸಣ್ಣ ರೂಪ ನೋಡಿರುತ್ತಾರೆ. ಅಲ್ಲಿ ಇಳಿದ ದಾರಿಯಲ್ಲಿ ವಾಪಸ್ ಬರೋದಿಲ್ಲ, ಹಗ್ಗವನ್ನು ಕೆಳಗಿನಿಂದಲೇ ಎಳೆದುಕೊಂಡು ಮುಂದೆ ಹೋಗಬೇಕು. ಹಾಗಾಗಿ ಆಂಕರಿನ ಬಗ್ಗೆ ಅನುಮಾನ ಇದ್ದರೆ ಒಂದು ಉಪಾಯ ಮಾಡುತ್ತಾರೆ. ಬೇರೆ ಕಡೆ ಇನ್ನೊಂದು ಭದ್ರ ಹಗ್ಗವನ್ನು ಸ್ವಲ್ಪ ಸಡಿಲವಾಗಿ ಕಟ್ಟಿ, ಮೊದಲು ಗುಂಪಿನ ಅತಿ ತೂಕದ ಆಳನ್ನು ಇಳಿಸುತ್ತಾರೆ. ಆಂಕರ್ ಅಲುಗದಿದ್ದರೆ ಉಳಿದವರು ಇಳಿಯುತ್ತಾರೆ. ಕೊನೆಗೆ ಒಬ್ಬ ಉಳಿಯುತ್ತಾನೆ, ಹೆಚ್ಚಾಗಿ ಅತಿ ಹಗುರದವನು. ಅವನು ಆ ಎರಡನೇ ಹಗ್ಗ ಬಿಚ್ಚಿ, ಬರೀ ಆ ಒಂದು ಆಂಕರನ್ನೇ ನೆಚ್ಚಿ ಇಳಿಯಬೇಕು. ಕಟ್ಟೋದು ಬಿಚ್ಚೋದು ಚೆನ್ನಾಗಿ ಬಲ್ಲವನೇ ಹೆಚ್ಚಾಗಿ ಹಿಂದೆ ಉಳಿಯುತ್ತಾನೆ.

ಈ ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಅಲ್ಲಿ ಕಟ್ಟಿದವನ ಗಂಟೂ ಹೋಗುತ್ತದೆ. ಆದರೆ ಬಾವಿಯಲ್ಲಿ, ಕೋಡಿನಲ್ಲಿ, ಆಪರೇಷನ್ ಟೇಬಲ್ಲಿನಲ್ಲಿ ಕಟ್ಟಿದವನು ಕೊನೆಗೆ ತಾನೂ ಇಳಿಯೋಕೆ ಆಗಲ್ಲ. ಅಂಥ ಕಡೆ ಅವನಿಂದ ಕೇಳಬಹುದಾದದ್ದು ಎರಡೇ ಅನ್ನಿಸುತ್ತೆ. ಇಳಿಯುವ ಮುಂಚೆ ತೋರಿಸು. ಬಿದ್ದಮೇಲೆ ಹೇಳು. ನಾನು ಎರಡೂ ಮಾಡಿರಲಿಲ್ಲ.

ಅಮೆರಿಕದ ಆಲ್ಪೈನ್ ಕ್ಲಬ್ಬಿನವರು 1948ರಿಂದ ಪ್ರತಿವರ್ಷ ಅಪಘಾತಗಳದ್ದೇ ಒಂದು ಪುಸ್ತಕ ತರುತ್ತಾರೆ. ಯಾವ ಬಂಡೆ, ಯಾವ ಗಂಟು, ಹೇಗೆ ಬಿಚ್ಚಿತು. ಬೈಯೋದು ಇಲ್ಲ, ಅಳೋದು ಇಲ್ಲ, ಆದದ್ದು ಇಷ್ಟು ಅಂತ. ನಮ್ಮ ಸಾಫ್ಟ್‌ವೇರ್ ಕಂಪನಿಗಳೂ ದೊಡ್ಡ ಎಡವಟ್ಟಾದಾಗ ಇಂಥದ್ದೊಂದು ವರದಿ ಬರೆಸುತ್ತವೆ, ಯಾರ ಮೇಲೂ ತಪ್ಪು ಹೊರಿಸಬಾರದು ಅನ್ನೋ ಷರತ್ತಿನ ಮೇಲೆ. ನಮ್ಮ ಮನೆಯಲ್ಲೂ ನನ್ನ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಆದರೆ ಏನಾಯಿತು ಅನ್ನೋದನ್ನೂ ಯಾರೂ ಹೇಳಲಿಲ್ಲ. ಆ ಪೈಪು ಅಲ್ಲೇ ಇತ್ತು. ಮುಂದಿನ ಎಷ್ಟೋ ವರ್ಷ ಅದೇ ಪೈಪಿಗೆ, ಅದೇ ಗಂಟಿನಿಂದ, ಯಾರ್ಯಾರೋ ಇಳಿದಿರಬಹುದು. ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೂತು ಹೊಸಬರಿಗೆ ಗಂಟು ಕಲಿಸುತ್ತಿದ್ದೆ, ಊರಿಗೆ ಹೋದರೆ ಬಾಯಿ ಬಿಡುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಗಂಟು ಜಾರಿದ್ದಕ್ಕಿಂತ ಇದು ದೊಡ್ಡ ತಪ್ಪು. ಅದು ಗೊತ್ತಿಲ್ಲದೆ ಆದದ್ದು, ಇದು ಗೊತ್ತಿದ್ದು ದಿನದಿನವೂ ಮಾಡಿದ್ದು.

2021ರಲ್ಲಿ ಎರಡನೇ ಲಾಕ್‌ಡೌನ್ ಹೊತ್ತಿಗೆ ನಾನು ಊರಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಮಾಳಿಗೆ ಮೇಲೆ ನೆಟ್‌ವರ್ಕು, ಕೆಳಗೆ ಎಮ್ಮೆ. ಮಳೆಗಾಲಕ್ಕೆ ಮುಂಚೆ ಬಾವಿಯ ಮೋಟರ್ ಕೆಸರಲ್ಲಿ ಸಿಕ್ಕಿಕೊಂಡಿತು. ಯಾರಾದರೂ ಇಳಿಯಲೇಬೇಕು. ಕಾಕಾನ ಮಗ, ಇಪ್ಪತ್ತೆರಡರ ಹುಡುಗ, ನಾ ಇಳೀತೀನಿ ಅಂದ. ನನ್ನ ಹತ್ತಿರ ಬಂಡೆ ಹತ್ತೋ ಹಗ್ಗ, ಬೆಲ್ಟು ಎಲ್ಲ ಇದೆ ಅಂತ ಎಲ್ಲರಿಗೂ ಗೊತ್ತು. ಹಗ್ಗ ನಾನೇ ಕಟ್ಟಬೇಕು ಅಂತಾಯ್ತು.

ಆ ರಾತ್ರಿ ಊಟ ಆದಮೇಲೆ ಕಾಕಾ ಕಟ್ಟೆ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಹೋಗಿ ಪಕ್ಕ ಕೂತೆ. ಹೇಳಬೇಕಾದ್ದನ್ನು ಹದಿನೇಳು ವರ್ಷ ಬಾಯಿಪಾಠ ಮಾಡಿದ್ದೆ, ಆದರೆ ಬಂದದ್ದು ಒಂದೇ ಸಾಲು.

"ಕಾಕಾ, ಅವತ್ತ ಹಗ್ಗ ಕಡದಿದ್ದಿಲ್ಲ."

ಅವನು ಉಗುಳಿ ಬಂದು ಕೂತ. "ಗೊತ್ತೈತಿ."

ನನಗೆ ಮಾತು ಹೊರಡಲಿಲ್ಲ.

"ತುದಿ ನನ್ನ ಮಾರಿ ಮ್ಯಾಲೇ ಬಂದ ಬಿತ್ತಲೋ. ನೀ ಸುಟ್ಟಿದ್ದೆಲ್ಲಾ, ಆ ಕರೇ ತುದಿ. ಹಂಗ ಇತ್ತು."

ಆಸ್ಪತ್ರೆಯಿಂದ ಬಂದಮೇಲೆ ಆ ಹಗ್ಗವನ್ನು ತುಂಡು ತುಂಡು ಮಾಡಿ ಕರುಗಳಿಗೆ ಕಣ್ಣಿ ಮಾಡಿದವನು ಅವನೇ. ನೀಲಿ ಕಣ್ಣಿಗಳು ನಮ್ಮ ಕೊಟ್ಟಿಗೆಯಲ್ಲಿ ಎಷ್ಟೋ ವರ್ಷ ಇದ್ದವು, ಅವನ್ನು ಕಂಡಾಗಲೆಲ್ಲ ನಾನು ಮುಖ ತಿರುಗಿಸುತ್ತಿದ್ದೆ. ಯಾಕೆ ಹಾಗೆ ಮಾಡಿದ ಅಂತ ಅವತ್ತೇ ಅರ್ಥವಾಗಿದ್ದು. ಅಂಗಡಿಯಾತನ ವಿಷಯ ಕೇಳಿದೆ. "ಅದ ತಪ್ಪಾತು" ಅಂದ. ಆಮೇಲೆ ಹಗ್ಗ, ಬಾರಕೋಲು, ಜತಗಿ ಏನೇ ಬೇಕಾದರೂ ಆತನ ಹತ್ತಿರವೇ ತಂದನಂತೆ, ಆತ ಅಂಗಡಿ ಮುಚ್ಚುವವರೆಗೆ, ಒಂದು ದಿನವೂ ಚೌಕಾಸಿ ಮಾಡದೆ. ಆತನಿಗೆ ಅದು ಯಾಕೆ ಅಂತ ಗೊತ್ತಿತ್ತೋ ಇಲ್ಲವೋ. ನಾನು ಆತನಿಗೆ ಏನೂ ಕೊಟ್ಟಿಲ್ಲ. ಈಗ ಆತನೂ ಇಲ್ಲ.

"ಇಳಿಯೋ ಮುಂದ ಯಾಕ ಗಂಟ ನೋಡಲಿಲ್ಲ ನೀ?" ಅಂತ ಕೇಳಿದೆ. ನನಗೆ ಸಿಟ್ಟು ಬಂದಿತ್ತು, ನಿಜ ಹೇಳಬೇಕಂದರೆ. ನೋಡಿದ್ದರೆ ಅವನ ಕಾಲು ಉಳಿಯುತ್ತಿತ್ತು, ನನ್ನ ಹದಿನೇಳು ವರ್ಷವೂ ಉಳಿಯುತ್ತಿತ್ತು.

"ಎಂಟ ಮಂದಿ ನಿಂತಿದ್ರೋ. ಅವರ ಮುಂದ ನಾ ಹೋಗಿ ಜಗ್ಗಿ ನೋಡಿದ್ರ ನಿನ್ನ ಮಾರಿ ಏನಾಗಬೇಕ? ಮೊದಲನೇ ಸಲ ಕಟ್ಟಿದ್ದಿ."

ನಾನು ವಾದ ಮಾಡಿದೆ. ನನ್ನ ಮಾರಿಗಿಂತ ನಿನ್ನ ಕಾಲು ದೊಡ್ಡದು ಅಂದೆ. ರಾಮನಗರದ ಮೇಷ್ಟ್ರ ಕಥೆ ಹೇಳಿದೆ. ಎಲ್ಲರದ್ದೂ ಎಲ್ಲರೂ ನೋಡೋ ಪದ್ಧತಿ ಇದ್ದರೆ ಯಾರ ಮಾರಿಯೂ ಸಣ್ಣದಾಗಲ್ಲ ಅಂದೆ. ಪೂರ್ತಿ ಕೇಳಿದ. "ಹೂಂ, ಅದ ಚಲೋ ಪದ್ಧತಿನ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಖರೆ ಹೇಳ್ಲಿ? ಈಗ ಅದ ಹೊತ್ತ ಮತ್ತ ಬಂದ್ರೂ ನಾ ನೋಡಂಗಿಲ್ಲ" ಅಂದ.

ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಅವನು ಮಾಡಿದ್ದು ತಪ್ಪು ಅಂತ ನಾನು ಯಾವ ಶಿಬಿರದಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಅಷ್ಟು ಮಂದಿಯ ಮುಂದೆ ಒಬ್ಬ ಹುಡುಗನ ಮಾನ ಕಾಯೋಕೆ ತನ್ನ ಮೈಯನ್ನು ಒತ್ತೆ ಇಟ್ಟವನು ಇನ್ನೊಬ್ಬ ನನಗೆ ಸಿಗಲ್ಲ ಅಂತಲೂ ಗೊತ್ತು. ನಾನು ಕೇಳದ ಉಡುಗೊರೆ ಅದು. ತೂಕ ಹೊರಲಾಗದೆ ಎಷ್ಟೋ ಸಲ, ಅವತ್ತು ನನಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿದೆ. ಆ ಎಂಟು ಮಂದಿಯಲ್ಲಿ ಇನ್ನೆಷ್ಟು ಜನ ಪೈಪಿನ ಕಡೆ ನೋಡಿದ್ದರೋ, ನೋಡಿ ಸುಮ್ಮನಿದ್ದರೋ, ಅದೂ ಗೊತ್ತಿಲ್ಲ. "ಹಗ್ಗ ಕಡೀತು" ಅಂತ ಮೊದಲು ಅಂದವರು ಯಾರು ಅಂತ ಕೇಳಿದೆ. ಕಾಕಾ ನಕ್ಕು ಎದ್ದು, ಎಡಗಾಲು ಎಳೆಯುತ್ತಾ ಮಲಗೋಕೆ ಹೋದ.

ಮರುದಿನ ಬೆಳಿಗ್ಗೆ ಬೇವಿನ ಮರಕ್ಕೆ ನಾಕು ಸುತ್ತು ಸುತ್ತಿದೆ. ಕೊನೆಗೆ ಎಂಟರ ಗಂಟು ಹಾಕಿ ಕೊಂಡಿಯಿಂದ ಬೀಗ ಮಾಡಿದೆ. ತಮ್ಮನಿಗೆ ಬೆಲ್ಟ್ ಹಾಕಿ ಅವನ ಸೊಂಟದ ಗಂಟೂ ನಾನೇ ಕಟ್ಟಿದೆ. ದಂಡೆ ಮೇಲೆ ಐದಾರು ಮಂದಿ ಸೇರಿದ್ದರು, ಬೆಂಗಳೂರಿನ ಹಗ್ಗ ನೋಡೋಕೆ. ಎಲ್ಲರ ಮುಂದೆಯೇ ಅವನು, "ಅಣ್ಣಾ, ಒಮ್ಮೆ ಎಲ್ಲಾ ತೋರ್ಸು, ನೋಡೂಣು" ಅಂದ.

ಅವನೇ ಕೇಳುವ ಮುಂಚೆ ನಾನೇ ತೋರಿಸಬೇಕಿತ್ತು. ಹಿಂದಿನ ರಾತ್ರಿಯಷ್ಟೇ ಅಷ್ಟು ಭಾಷಣ ಮಾಡಿದ್ದೆ. ಆದರೂ ಒಂದು ಕ್ಷಣ ಕಿವಿ ಬಿಸಿಯಾಯಿತು. ಇವನಿಗಿಂತ ಹತ್ತು ಪಟ್ಟು ಗಂಟು ಕಟ್ಟಿದ್ದೀನಿ, ಇವನೇನು ನೋಡೋದು ಅನ್ನಿಸಿತು. ಕಾಕಾ ಆಚೆ ಕಲ್ಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದ.

ಕರಕೊಂಡು ಹೋಗಿ ತೋರಿಸಿದೆ. ಮರದ ಸುತ್ತು ಎಣಿಸಿದ, ಗಂಟು ಹಿಡಿದು ಜಗ್ಗಿದ. ಆಮೇಲೆ ತನ್ನ ಸೊಂಟದ ಗಂಟು ನೋಡಿಕೊಂಡು, "ಇದರ ಬಾಲ ಸಣ್ಣದಾತ ನೋಡು" ಅಂದ. ಬಗ್ಗಿ ನೋಡಿದೆ. ಐದು ಬೆರಳು ಇತ್ತೇನೋ. ಬಿಚ್ಚಿ ಮತ್ತೆ ಕಟ್ಟಿದೆ.